ಮಗನ ಕೈಗೆ ಹಾಕಿಸಿದ ಫೈಬರ್ ಕಟ್ಟು: ನಾಲ್ಕು ವಾರ ನೋಡಿಕೊಂಡ ಮೇಲೆ

ನಾನು ದಾವಣಗೆರೆಯಲ್ಲಿ ಬ್ಲೌಸ್ ಹೊಲಿಯುವವಳು. ಹೋದ ಮಳೆಗಾಲದಲ್ಲಿ ನನ್ನ ಒಂಬತ್ತು ವರ್ಷದ ಮಗ ಪೇರಲ ಮರದಿಂದ ಎಡಗೈ ಊರಿಕೊಂಡು ಬಿದ್ದ. ಮುಂಗೈ ಮಣಿಕಟ್ಟಿನ ಹತ್ತಿರ ಸ್ವಲ್ಪ ಬಾಗಿದ ಹಾಗೆ ಕಾಣುತ್ತಿತ್ತು. ಅವತ್ತು ರಾತ್ರಿ ಮೊದಲು ಹೋದ ಕಡೆ, "ಈಗಲೇ ಪೂರ್ತಿ ಫೈಬರ್ ಕಟ್ಟು ಹಾಕಿಬಿಡೋಣ" ಅಂದರು. ಫೈಬರ್ ಅಂದರೆ ಪ್ಲಾಸ್ಟರಿನ ಬದಲು ಸುತ್ತುವ ಗಾಜಿನ ಎಳೆಯ ಪಟ್ಟಿ. ನಾನು ಒಪ್ಪಲಿಲ್ಲ.

ಕಾರಣ ಇದೆ. ಎರಡು ವರ್ಷದ ಹಿಂದೆ ನಮ್ಮ ಅತ್ತೆ ಬಚ್ಚಲಲ್ಲಿ ಜಾರಿ ಮಣಿಕಟ್ಟು ಮುರಿದುಕೊಂಡಾಗ, ಬಿದ್ದ ದಿನವೇ ಸುತ್ತ ಪೂರ್ತಿ ಪ್ಲಾಸ್ಟರ್ ಹಾಕಿ ಕಳಿಸಿದ್ದರು. ಮಧ್ಯರಾತ್ರಿಗೆ ಬೆರಳೆಲ್ಲ ಊದಿ ನೀಲಿಯಾಗಿ ತಣ್ಣಗಾದವು. ಓಡಿಹೋಗಿ ಬಿಡಿಸಿ, ಆಮೇಲೆ ಬೇರೆ ಪ್ಲಾಸ್ಟರ್ ಹಾಕಿಸಿದೆವು. ಮುರಿದ ಜಾಗ ಮೊದಲ ಎರಡು ಮೂರು ದಿನ ಊದುತ್ತಲೇ ಇರುತ್ತದೆ. ಸುತ್ತ ಗಟ್ಟಿ ಕೊಳವೆ ಇದ್ದರೆ ಊತ ಎಲ್ಲಿಗೆ ಹೋಗಬೇಕು? ಒಳಗೇ ಒತ್ತಿ ರಕ್ತ ಹರಿಯದ ಹಾಗೆ ಮಾಡುತ್ತದೆ.

ಆಮೇಲೆ ಹೋದ ಮೂಳೆ ಡಾಕ್ಟರು ಮೊದಲ ವಾರ ಬರೀ ಸ್ಲ್ಯಾಬ್ ಹಾಕಿದರು. ಅಂದರೆ ಒಂದು ಕಡೆ ಮಾತ್ರ ಪ್ಲಾಸ್ಟರ್, ಮೇಲೆ ಬಟ್ಟೆ ಸುತ್ತು. ಊತ ಇಳಿದ ಮೇಲೆ ಫೈಬರ್. ನೀವೂ ಹೀಗೇ ಕೇಳಿ ಮಾಡಿಸಿ.

ಎಕ್ಸ್-ರೇ ತೋರಿಸಿ ಅವರು ಹೇಳಿದ್ದು ನನಗೆ ಹೊಸದು. ಮಕ್ಕಳ ಮೂಳೆ ಎಷ್ಟೋ ಸಲ ಒಣ ಕಡ್ಡಿಯ ಹಾಗೆ ಪಟಕ್ಕನೆ ಎರಡಾಗುವುದಿಲ್ಲವಂತೆ. ಹಸಿ ಹುಣಸೆ ಬರಲನ್ನು ಬಗ್ಗಿಸಿ ನೋಡಿ, ಒಂದು ಕಡೆ ಸೀಳುತ್ತದೆ, ಇನ್ನೊಂದು ಕಡೆ ಬಾಗಿ ನಿಲ್ಲುತ್ತದೆ. ಅವನದ್ದೂ ಹಾಗೇ ಆಗಿತ್ತು. ಸ್ವಲ್ಪ ಬಾಗು ಉಳಿದರೂ ಚಿಂತೆ ಬೇಡ ಅಂದರು. ಮಣಿಕಟ್ಟಿನ ಹತ್ತಿರ ಮೂಳೆ ಉದ್ದವಾಗುವ ಜಾಗ ಇದೆ, ಈ ವಯಸ್ಸಿನಲ್ಲಿ ಅದು ಇನ್ನೂ ತೆರೆದೇ ಇರುತ್ತದೆ. ಬೆಳೆಯುತ್ತಾ ಮೂಳೆ ಉಬ್ಬಿದ ಕಡೆ ತಾನೇ ಕೆರೆದುಕೊಳ್ಳುತ್ತದೆ, ತಗ್ಗಿದ ಕಡೆ ತುಂಬಿಕೊಳ್ಳುತ್ತದೆ. ಅಳತೆ ತಪ್ಪಿದ ಬ್ಲೌಸನ್ನು ನಾನು ಒಂದು ಕಡೆ ಹಿಡಿದು ಇನ್ನೊಂದು ಕಡೆ ಬಿಡುವ ಹಾಗೆ!

ಈಗ ಕಟ್ಟಿನ ವಿಷಯಕ್ಕೆ ಬರುತ್ತೇನೆ. ಮೊದಲು ಕೈಗೆ ಕಾಲುಚೀಲದಂಥ ಮೆತ್ತನೆ ಬಟ್ಟೆ ತೊಡಿಸಿದರು. ಅದರ ಮೇಲೆ ಹತ್ತಿಯ ಪಟ್ಟಿ. ಮಣಿಕಟ್ಟಿನ ಗಂಟು, ಮೊಣಕೈ ಮೂಳೆ ಇರುವ ಕಡೆ ಎರಡು ಸುತ್ತು ಜಾಸ್ತಿ. ನಾನು ಅದನ್ನೇ ನೋಡುತ್ತಿದ್ದೆ, ಏಕೆಂದರೆ ಒಳಗಿನ ಲೈನಿಂಗ್ ಸುಕ್ಕಾದರೆ ಮೇಲಿನದು ಎಷ್ಟು ಚೆನ್ನಾಗಿದ್ದರೂ ಚುಚ್ಚುತ್ತದೆ. ಅಲ್ವಾ? ಆಮೇಲೆ ಗ್ಲೌಸ್ ಹಾಕಿಕೊಂಡು ಫೈಬರ್ ಸುರುಳಿಯನ್ನು ನೀರಲ್ಲಿ ಅದ್ದಿ ಸುತ್ತಿದರು. ಅದರಲ್ಲಿರುವ ಅಂಟು ನೀರು ತಾಗಿದರೆ ಗಟ್ಟಿಯಾಗುತ್ತದೆ, ಬರಿಗೈಗೆ ಹತ್ತಿದರೆ ಬಿಡುವುದಿಲ್ಲ. ಕೈ ಬೆಚ್ಚಗಾಯಿತು ಅಂದ. ಐದಾರು ನಿಮಿಷದಲ್ಲಿ ಕಲ್ಲಾಯಿತು. ಅತ್ತೆಯ ಪ್ಲಾಸ್ಟರ್ ಪೂರ್ತಿ ಒಣಗಲು ಎರಡು ದಿನ ಹಿಡಿದಿತ್ತು.

ನಮಗೆ 2,800 ರೂಪಾಯಿ ಆಯಿತು. ಪ್ಲಾಸ್ಟರ್ ಆಗಿದ್ದರೆ ಸಾವಿರದೊಳಗೆ ಮುಗಿಯುತ್ತಿತ್ತು. ದುಡ್ಡಿಗೆ ತಕ್ಕ ಹಾಗಿದೆಯಾ? ನನ್ನ ಮಟ್ಟಿಗೆ ಹೌದು. ಹಗುರ, ಪುಡಿ ಉದುರುವುದಿಲ್ಲ, ಶಾಲೆಗೆ ಹೋಗಿ ಬಂದರೂ ಅಂಚು ಒಡೆಯಲಿಲ್ಲ. ಮೂರನೇ ವಾರ ಕಟ್ಟು ಬಿಚ್ಚದೆಯೇ ಎಕ್ಸ್-ರೇ ತೆಗೆದರು, ಸ್ಪಷ್ಟವಾಗಿ ಬಂತು. ಮುರಿದ ಜಾಗದ ಸುತ್ತ ತೆಳು ಮೋಡದ ಹಾಗೆ ಬೆಳ್ಳಗೆ ಕಾಣಿಸಿತು. ಅದೇ ಹೊಸ ಮೂಳೆ. ಮುರಿದಾಗ ಅಲ್ಲಿ ರಕ್ತ ಹೆಪ್ಪುಗಟ್ಟುತ್ತದೆ, ಅದರೊಳಗೆ ಮೆತ್ತನೆಯ ಬೆಸುಗೆ ಹುಟ್ಟುತ್ತದೆ, ವಾರಗಳು ಕಳೆದ ಹಾಗೆ ಅದು ಸುಣ್ಣ ತುಂಬಿ ಗಟ್ಟಿಯಾಗುತ್ತದೆ. ನಾನು ಎಷ್ಟು ಚೆನ್ನಾಗಿ ತೇಪೆ ಹಾಕಿದರೂ ತೇಪೆ ತೇಪೆಯೇ. ಚರ್ಮಕ್ಕೂ ಗಾಯದ ಗುರುತು ಉಳಿಯುತ್ತದೆ. ಮೂಳೆ ಮಾತ್ರ ಮೂಳೆಯಿಂದಲೇ ಕೂಡಿಕೊಳ್ಳುತ್ತದೆ. ಆ ಫಿಲ್ಮ್ ಹಿಡಿದುಕೊಂಡು ನಾನು ಎಷ್ಟೋ ಹೊತ್ತು ನಿಂತಿದ್ದೆ.

ಹಾಗಾಗಿ ಫೈಬರ್ ಹಾಕಿದರೆ ಮೂಳೆ ಬೇಗ ಕೂಡುತ್ತದೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಕಟ್ಟು ಕಚ್ಚಾ ಹೊಲಿಗೆ ಇದ್ದಂತೆ. ಅಲುಗದ ಹಾಗೆ ಹಿಡಿದಿರುತ್ತದೆ, ಅಷ್ಟೇ. ಗಟ್ಟಿ ಹೊಲಿಗೆಯನ್ನು ಮೈಯೇ ಹಾಕಿಕೊಳ್ಳುತ್ತದೆ.

ಬೇಸರವಾದದ್ದು ನೀರಿನ ವಿಷಯ. ನೀರು ತಾಗಿದರೂ ಪರವಾಗಿಲ್ಲ ಅಂತ ಕೌಂಟರಿನಲ್ಲಿ ಹೇಳಿದ್ದರು. ಹೊರಗಿನ ಫೈಬರಿಗೆ ಏನೂ ಆಗುವುದಿಲ್ಲ ನಿಜ, ಆದರೆ ಒಳಗಿನ ಹತ್ತಿ ನೆನೆದರೆ ಒಣಗುವುದೇ ಇಲ್ಲ. ಎರಡನೇ ವಾರ ಮಳೆಯಲ್ಲಿ ನೆನೆದು ಬಂದ, ನಾತ ಶುರುವಾಯಿತು, ತುರಿಕೆ. ಮತ್ತೆ ಬಿಚ್ಚಿ ಹೊಸದು ಹಾಕಿಸಬೇಕಾಯಿತು, ಮತ್ತೆ ದುಡ್ಡು. ಸ್ನಾನಕ್ಕೆ ಪ್ಲಾಸ್ಟಿಕ್ ಚೀಲ ಕಟ್ಟಲೇಬೇಕು. ತುರಿಸುತ್ತದೆ ಅಂತ ಒಳಗೆ ಸ್ಕೇಲು, ಕಡ್ಡಿ ಹಾಕಲು ಬಿಡಬೇಡಿ. ಬೆರಳು ತಣ್ಣಗಾದರೆ, ಮರಗಟ್ಟಿದರೆ, ಬೆರಳು ಚಾಚಿದಾಗ ತಡೆಯಲಾಗದ ನೋವು ಬಂದರೆ ಬೆಳಗಾಗಲಿ ಅಂತ ಕಾಯಬೇಡಿ.

ಬಿಚ್ಚುವ ಮೆಷಿನ್ನಿನ ಸದ್ದಿಗೆ ಮಗ ಅತ್ತುಬಿಟ್ಟ. ಆ ಗರಗಸ ಗರಗರ ತಿರುಗುವುದಿಲ್ಲ, ನಿಂತಲ್ಲೇ ಅದುರುತ್ತದೆ. ಗಟ್ಟಿ ವಸ್ತುವನ್ನು ಕೊಯ್ಯುತ್ತದೆ, ಮೆತ್ತನೆ ಚರ್ಮ ಅದರ ಜೊತೆ ಅಲುಗಿ ತಪ್ಪಿಸಿಕೊಳ್ಳುತ್ತದೆ. ಡಾಕ್ಟರು ತಮ್ಮ ಅಂಗೈಗೆ ಒತ್ತಿ ತೋರಿಸಿದ ಮೇಲೆ ಸುಮ್ಮನಾದ. ಕೈ ಸಣಕಲಾಗಿತ್ತು, ಚರ್ಮ ಸಿಪ್ಪೆ ಏಳುತ್ತಿತ್ತು. ಕೊಬ್ಬರಿ ಎಣ್ಣೆ ಹಚ್ಚಿದೆ. ಹತ್ತೇ ದಿನಕ್ಕೆ ಕೈ ಮೊದಲಿನ ಹಾಗೆ ತಿರುಗಿತು. ಆದರೂ ಇನ್ನೂ ಕೆಲವು ವಾರ ಮರ, ಸೈಕಲ್ಲು ಬೇಡ ಅಂದಿದ್ದರು, ಅದೇ ಜಾಗ ಮತ್ತೆ ಮುರಿಯುವುದುಂಟಂತೆ.

ಮನೆಯಲ್ಲಿ ವಯಸ್ಸಾದವರಿಗೆ ಕಟ್ಟು ಹಾಕಿಸುವುದಾದರೂ, ಊತ ಇಳಿದ ಮೇಲೆ ಡಾಕ್ಟರು ಆಗಬಹುದು ಅಂದರೆ ಫೈಬರನ್ನೇ ಕೇಳಿ. ಆ ಭಾರದ ಪ್ಲಾಸ್ಟರ್ ಜೋಳಿಗೆಯಲ್ಲಿ ನೇತುಹಾಕಿಕೊಂಡು ಆರು ವಾರ ಕೂತು ನಮ್ಮ ಅತ್ತೆಯ ಭುಜವೂ ಹಿಡಿದುಕೊಂಡಿತ್ತು. ಬೆರಳು, ಮೊಣಕೈ, ಭುಜ ದಿನಾ ಆಡಿಸಿ ಅಂತ ಆಗ ನಮಗೆ ಯಾರೂ ಹೇಳಲಿಲ್ಲ. ಅವರ ಮೂಳೆ ಕೂಡಿದೆ. ಆದರೆ ರೊಟ್ಟಿ ತಟ್ಟುವಾಗ ಬಲಗೈ ಇವತ್ತಿಗೂ ಪೂರ್ತಿ ತಿರುಗುವುದಿಲ್ಲ, ಎಡಗೈಯಲ್ಲಿ ತಟ್ಟುವುದನ್ನು ರೂಢಿ ಮಾಡಿಕೊಂಡಿದ್ದಾರೆ.