ಕಾನ್ಸೆಪ್ಟ್ಸ್‌ನಿಂದ ಇಂಕ್‌ಸ್ಕೇಪ್‌ಗೆ: ಟ್ಯಾಬಿನ ಗೆರೆ ಗೆರೆಯಾಗಿಯೇ ಬರುತ್ತದೆಯೇ?

ದೇವರ ಜಗಲಿಯ ಬಾಗಿಲಿಗೆ, ಮನೆಯ ಹೆಸರಿನ ಫಲಕಕ್ಕೆ, ಲಗ್ನಪತ್ರಿಕೆಗೆ ಚಾಲುಕ್ಯ ಶೈಲಿಯ ಜಾಲಂಧ್ರ (ಕಲ್ಲಿನ ಜಾಲರಿ ಕಿಟಕಿ) ಮತ್ತು ಬಳ್ಳಿಗಳ ವಿನ್ಯಾಸ ಬರೆದುಕೊಡುವುದು ಬಾಗಲಕೋಟೆಯಲ್ಲಿ ನನ್ನ ಉದ್ಯೋಗ. ಬಾದಾಮಿ, ಐಹೊಳೆ, ಪಟ್ಟದಕಲ್ಲು ಹತ್ತಿರವೇ ಇರುವುದರಿಂದ ಕಲ್ಲಿನ ಎದುರಿಗೇ ಕುಳಿತು ಟ್ಯಾಬಿನಲ್ಲಿ ಬರೆದುಕೊಳ್ಳುತ್ತೇನೆ. ಲೇಸರ್ ಕಟಿಂಗ್‌ಗೆ ಕೊಡುವ ಮೊದಲು ಅದನ್ನು ಕಂಪ್ಯೂಟರಿನಲ್ಲಿ ತಿದ್ದಬೇಕಾಗುತ್ತದೆ. ಹೀಗೆ ತಿದ್ದುವಾಗ ಪ್ರತಿಯೊಂದು ಗೆರೆಯೂ ಹಿಡಿದು ಬಾಗಿಸಲು ಬರುವಂತಿರಬೇಕೆಂಬ ಒಂದೇ ಅಪೇಕ್ಷೆಯಿಂದ ಟಾಪ್‌ಹ್ಯಾಚ್ ಕಂಪನಿಯ ಕಾನ್ಸೆಪ್ಟ್ಸ್ ಆ್ಯಪ್ ಮತ್ತು ಕಂಪ್ಯೂಟರಿನಲ್ಲಿ ಚಿತ್ರ ತಿದ್ದಲು ಉಚಿತವಾಗಿ ಸಿಗುವ ಇಂಕ್‌ಸ್ಕೇಪ್ ತಂತ್ರಾಂಶ ಇವೆರಡರ ಜೋಡಿಯನ್ನು ಇಲ್ಲಿ ಪರಿಶೀಲಿಸಿದ್ದೇನೆ.

ಪ್ರೊಕ್ರಿಯೇಟ್‌ನಂಥ ಆ್ಯಪ್ ಚಿತ್ರವನ್ನು ಚುಕ್ಕೆಗಳಾಗಿ ಉಳಿಸುತ್ತದೆ. ಅಂಥ ಚಿತ್ರವನ್ನು ಚುಕ್ಕೆಗಳಿಂದ ಗೆರೆ ತೆಗೆಯುವ ಇಂಕ್‌ಸ್ಕೇಪ್‌ನ ಟ್ರೇಸ್ ಬಿಟ್‌ಮ್ಯಾಪ್‌ಗೆ ಸಾಮಾನ್ಯ ರೀತಿಯಲ್ಲಿ ಕೊಟ್ಟರೆ ಒಂದು ಗೆರೆಯ ಬದಲು ಅದರ ಎರಡೂ ಅಂಚುಗಳು ಸಿಗುತ್ತವೆ, ಲೇಸರ್ ಎರಡು ಸಲ ಓಡುತ್ತದೆ. 2020ರಲ್ಲಿ ಬಂದ 1.0 ಆವೃತ್ತಿಯಿಂದ ನಡುಗೆರೆಯನ್ನು ಹಿಡಿಯುವ ಸೌಲಭ್ಯವಿದ್ದರೂ ಗೆರೆಗಳು ಕೂಡುವ ಜಾಗದಲ್ಲಿ ಕೈಯಿಂದ ಸರಿಪಡಿಸುವ ಕೆಲಸ ಉಳಿದೇ ಉಳಿಯುತ್ತದೆ. ಕಾನ್ಸೆಪ್ಟ್ಸ್ ಮೊದಲಿನಿಂದಲೇ ವೆಕ್ಟರ್, ಅಂದರೆ ಚಿತ್ರವನ್ನು ಚುಕ್ಕೆಗಳಾಗಿ ಅಲ್ಲದೆ ಗೆರೆಗಳಾಗಿಯೇ ಉಳಿಸುವಂಥದ್ದು ಆಗಿರುವುದರಿಂದ ಟ್ರೇಸ್ ಮಾಡುವ ಹಂತವೇ ಬೇಕಾಗುವುದಿಲ್ಲ. ಇಂಕ್‌ಸ್ಕೇಪ್ ತೆರೆಯಬಲ್ಲ ಎಸ್‌ವಿಜಿ ಎಂಬ ವೆಕ್ಟರ್ ಕಡತದ ರೂಪದಲ್ಲಿ ಹೊರತೆಗೆಯುವ ಸೌಲಭ್ಯಕ್ಕೆ ಹಣ ಕೊಡಬೇಕು. ಈ ಕೆಲಸ ನಿತ್ಯ ಮಾಡುವವರಿಗೆ ಅದು ದಂಡವಲ್ಲ.

ಆದರೆ ಪೆನ್ನಿನ ಆಯ್ಕೆಯಲ್ಲಿ ಎಚ್ಚರ ಬೇಕು. ಎಸ್‌ವಿಜಿಯ ನಿಯಮದಂತೆ ಒಂದು ಗೆರೆಗೆ ಆರಂಭದಿಂದ ಕೊನೆಯವರೆಗೆ ಒಂದೇ ದಪ್ಪವಿರಬೇಕು. ಆದ್ದರಿಂದ ಕೈಯ ಒತ್ತಡಕ್ಕೆ ತಕ್ಕಂತೆ ದಪ್ಪ ತೆಳುವಾಗುವ ಪೆನ್ನಿನಲ್ಲಿ ಎಳೆದದ್ದು ಹೊರಗೆ ಬರುವಾಗ ಬಣ್ಣ ತುಂಬಿದ ಆಕೃತಿಯಾಗಿ ಮಾರ್ಪಡುತ್ತದೆ, ಇದು ಯಾವ ಆ್ಯಪಿಗೂ ತಪ್ಪಿದ್ದಲ್ಲ. ಒಂದೇ ದಪ್ಪದ ಫಿಕ್ಸ್ಡ್ ವಿಡ್ತ್ ಪೆನ್ನಿನಲ್ಲಿ ಬರೆದರೆ ಗೆರೆ ಗೆರೆಯಾಗಿಯೇ ಬರುತ್ತದೆ. ದಪ್ಪ ತೆಳುವಿನ ಸೊಗಸನ್ನು ಆಮೇಲೆ ಇಂಕ್‌ಸ್ಕೇಪ್‌ನ ಪವರ್ ಸ್ಟ್ರೋಕ್ ಎಂಬ ಪಾತ್ ಎಫೆಕ್ಟ್‌ನಿಂದ (ಗೆರೆಯ ಮೇಲೆ ಹಾಕುವ ಪರಿಣಾಮ) ಕೊಡಬಹುದು. ಅದನ್ನು ಹಾಕಿದ ನಂತರವೂ ಒಳಗಿನ ಮೂಲ ಗೆರೆ ತಿದ್ದಲು ಸಿಗುತ್ತದೆ ಎಂಬುದೇ ಅದರ ದೊಡ್ಡ ಗುಣ.

ಬಾದಾಮಿಯ ಎರಡನೆಯ ಗುಹೆಯ ಛತ್ತಿನಲ್ಲಿರುವ ಮತ್ಸ್ಯಚಕ್ರವನ್ನೇ ನೋಡಿ. ಚಕ್ರದ ಅರಗಳ ಜಾಗದಲ್ಲಿ 16 ಮೀನುಗಳಿವೆ. ಟ್ಯಾಬಿನಲ್ಲಿ ಒಂದೇ ಮೀನನ್ನು, ಬೆನ್ನು, ಹೊಟ್ಟೆ, ಬಾಲ, ಕಿವಿರು ಬೇರೆ ಬೇರೆ ಗೆರೆಗಳಾಗಿರುವಂತೆ ಬರೆದರೆ ಸಾಕು. ಇಂಕ್‌ಸ್ಕೇಪ್‌ನಲ್ಲಿ ಗೆರೆಯನ್ನು ಆರಿಸಿ ಕಂಟ್ರೋಲ್ ಮತ್ತು ಎಲ್ ಒತ್ತಿದಾಗ ಕೈನಡುಕದಿಂದ ಬಂದ ಹೆಚ್ಚಿನ ನೋಡ್‌ಗಳು (ಗೆರೆಯನ್ನು ಹಿಡಿದು ಬಾಗಿಸುವ ಬಿಂದುಗಳು) ಕಡಿಮೆಯಾಗುತ್ತವೆ. ಅತಿಯಾಗಿ ಒತ್ತಿದರೆ ಮೂತಿಯ ಚೂಪು ಮೊಂಡಾಗುತ್ತದೆ, ಆದಕಾರಣ ಮೂತಿಯ ಗೆರೆಯನ್ನು ನಾನು ಹಾಗೆಯೇ ಬಿಡುತ್ತೇನೆ. ಎಲ್ಲವನ್ನೂ ಗ್ರೂಪ್ ಮಾಡಿ, ತಿರುಗುವ ಕೇಂದ್ರವನ್ನು ಚಕ್ರದ ನಡುವಿಗೆ ಎಳೆದಿಟ್ಟು, 22.5 ಡಿಗ್ರಿಗೊಂದರಂತೆ ಕ್ಲೋನ್ (ಮೂಲಕ್ಕೆ ಜೋಡಿಕೊಂಡೇ ಇರುವ ನಕಲು) ಮಾಡಿದರೆ ಚಕ್ರ ಪೂರ್ಣವಾಗುತ್ತದೆ. ಗಿರಾಕಿ ಬಾಲ ಇನ್ನಷ್ಟು ಅಗಲವಾಗಲಿ ಎಂದರೆ ಮೂಲ ಮೀನಿನ ಎರಡು ನೋಡ್ ಸರಿಸುವುದಷ್ಟೇ ಕೆಲಸ, ಉಳಿದ ಹದಿನೈದೂ ತಾವಾಗಿ ಬದಲಾಗುತ್ತವೆ. ಇಷ್ಟು ನಿರಾಳವಾಗಿ ತಿದ್ದುವ ಸುಖಕ್ಕಾಗಿಯೇ ಈ ದಾರಿಯನ್ನು ಮನಸಾರೆ ಶಿಫಾರಸು ಮಾಡುತ್ತೇನೆ.

ಕೊರತೆಗಳೂ ಇವೆ. ಪೆನ್ಸಿಲ್, ಜಲವರ್ಣದಂಥ ಕುಂಚಗಳ ಮೈಗುಣವನ್ನೇ ನೆಚ್ಚಿ ಚಿತ್ರ ಬರೆಯುವವರಿಗೆ ಈ ಜೋಡಿ ಒಗ್ಗುವುದಿಲ್ಲ. ನಮ್ಮ ಕಡೆಯ ಮುದ್ರಣದ ಅಂಗಡಿಗಳಲ್ಲಿ ಕೋರೆಲ್‌ಡ್ರಾ ಎಂಬ ಬೇರೆ ತಂತ್ರಾಂಶದ ಬಳಕೆ ಹೆಚ್ಚಾಗಿರುವುದರಿಂದ ಕಡತ ಕೊಡುವ ಮೊದಲು ಕ್ಲೋನ್‌ಗಳನ್ನು ಮೂಲದಿಂದ ಬಿಡಿಸಿ, ಪ್ರತ್ಯೇಕ ಪ್ರತಿಯಾಗಿ ಉಳಿಸಿ ಕೊಡುವುದು ಕ್ಷೇಮ. ಅಳತೆಯನ್ನೂ ತಪ್ಪದೆ ನೋಡಬೇಕು. ಇಂಕ್‌ಸ್ಕೇಪ್ 0.92ರಿಂದ ಇಂಚಿಗೆ 96 ಪಿಕ್ಸೆಲ್ ಎಂದು ಲೆಕ್ಕ ಹಿಡಿಯುತ್ತದೆ. ಇಂಚಿಗೆ 72ರ ಲೆಕ್ಕದಲ್ಲಿ ಸಿದ್ಧವಾದ, ಅಳತೆಯ ಮಾನ ನಮೂದಿಸದ ಕಡತವನ್ನು ಅದರಲ್ಲಿ ತೆರೆದರೆ 100 ಮಿಲಿಮೀಟರ್ ಗೆರೆ 75 ಆಗಿಬಿಡುತ್ತದೆ. ಚಿತ್ರದ ಮೂಲೆಯಲ್ಲಿ 100 ಮಿಲಿಮೀಟರಿನ ಒಂದು ನೇರ ಗೆರೆ ಎಳೆದಿಟ್ಟು, ಕಂಪ್ಯೂಟರಿನಲ್ಲಿ ಅದನ್ನು ಅಳೆದು, ಕಟಿಂಗ್‌ಗೆ ಕೊಡುವಾಗ ಅಳಿಸಿದರಾಯಿತು.