ಬೆಲ್‌ಗ್ರೇಡ್‌ನಲ್ಲಿ ಬಾಡಿಗೆ ಮನೆ ಹುಡುಕ್ತಿದ್ದೀರಾ? ಬಿಳಿ ಕಾರ್ಡ್ ವಿಷಯ ಕೇಳದೆ ದುಡ್ಡು ಕೊಡಬೇಡಿ

ಸರ್ಬಿಯಾಕ್ಕೆ ಓದಲು ಬರುತ್ತಿರುವ ನಮ್ಮವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಬೆಲ್‌ಗ್ರೇಡ್‌ಗೆ ಬಂದ ಹೊಸತರಲ್ಲೇ ನನ್ನ 700 ಯೂರೊ ಹೋಯಿತು. ಯಾರೂ ಜೇಬು ಕತ್ತರಿಸಲಿಲ್ಲ. ಕಾಫಿ ಕೊಡಿಸಿ, ನಗುನಗುತ್ತಾ ಇಸ್ಕೊಂಡು ಹೋದ.

ಮೊದಲು ಇಲ್ಲಿನ ಒಂದು ನಿಯಮ ಹೇಳಿಬಿಡುತ್ತೇನೆ. ಸರ್ಬಿಯಾಕ್ಕೆ ಬಂದ ವಿದೇಶಿಯರು 24 ಗಂಟೆಯೊಳಗೆ ತಾವು ಉಳಿದಿರುವ ವಿಳಾಸವನ್ನು ಪೊಲೀಸರಲ್ಲಿ ನೋಂದಾಯಿಸಬೇಕು. ಅದಕ್ಕೆ ಸಿಗುವ ಚೀಟಿಯನ್ನು ಎಲ್ಲರೂ 'ಬೇಲಿ ಕಾರ್ಟೊನ್' ಅನ್ನುತ್ತಾರೆ, ಅಂದ್ರೆ ಬಿಳಿ ಕಾರ್ಡ್. ಹೋಟೆಲ್, ಹಾಸ್ಟೆಲ್‌ಗಳಾದರೆ ಅವರೇ ಮಾಡಿಕೊಡುತ್ತಾರೆ. ಬಾಡಿಗೆ ಮನೆಯಾದರೆ ಮನೆ ಮಾಲೀಕರು ಮಾಡಿಸಬೇಕು, ಪೊಲೀಸ್ ಠಾಣೆಗೆ ಬಂದೋ ಆನ್‌ಲೈನ್‌ನಲ್ಲೋ. ಮನೆ ಬದಲಾಯಿಸಿದರೆ ಮತ್ತೆ ಹೊಸದಾಗಿ ಮಾಡಿಸಬೇಕು. ವಾಸದ ಪರವಾನಗಿಗೆ ಅರ್ಜಿ ಹಾಕುವಾಗ ಇದನ್ನೇ ಕೇಳುತ್ತಾರೆ.

ನಾನು ಮೊದಲು ಒಂದು ಹಾಸ್ಟೆಲ್‌ನಲ್ಲಿ ಇಳಿದುಕೊಂಡೆ. ಬೆಳಿಗ್ಗೆಯಿಂದ ಸಂಜೆವರೆಗೆ ಸುತ್ತಾಟ. ಕ್ನೆಜ್ ಮಿಹೈಲೋವಾ ಬೀದಿಯಲ್ಲಿ ಗಾಡಿಗಳ ಕಾಟ ಇಲ್ಲ, ನಡೆದುಕೊಂಡೇ ಕಾಲೆಮೆಗ್ದಾನ್ ಕೋಟೆ ತಲುಪಬಹುದು. ಅಲ್ಲಿ ಗೋಡೆ ಮೇಲೆ ಕೂತರೆ ಕೆಳಗೆ ಸಾವಾ ನದಿ ಡ್ಯಾನ್ಯೂಬ್ ಸೇರುವುದು ಕಾಣುತ್ತದೆ. ಊರು ನಿಜಕ್ಕೂ ಚೆನ್ನಾಗಿದೆ, ಅದರ ಬಗ್ಗೆ ತಕರಾರಿಲ್ಲ. ಬಸ್ಸು, ಟ್ರಾಮ್ 2025ರ ಜನವರಿ 1ರಿಂದ ಎಲ್ಲರಿಗೂ ಉಚಿತ. ಹಳೆಯ ವಿಡಿಯೊಗಳಲ್ಲಿ ಟಿಕೆಟ್ ತಗೊಳ್ಳಿ ಅಂತಾರೆ, ಭಾರತೀಯರಿಗೆ ವೀಸಾ ಬೇಡ ಅಂತಲೂ ಅಂತಾರೆ. ವೀಸಾ ಇಲ್ಲದೆ ಬರುವ ಕಾಲ 2022ಕ್ಕೇ ಮುಗಿಯಿತು.

ಹಾಸ್ಟೆಲ್ ದುಬಾರಿ ಅನಿಸಿ ಮನೆ ಹುಡುಕಲು ಶುರು ಮಾಡಿದೆ. 2022ರಲ್ಲಿ ಯುದ್ಧ ಶುರುವಾದ ಮೇಲೆ ರಷ್ಯಾದಿಂದ ತುಂಬಾ ಜನ ಇಲ್ಲಿಗೆ ಬಂದರು, ಬಾಡಿಗೆ ಏರಿಬಿಟ್ಟಿತು. ಅಂಥದ್ದರಲ್ಲಿ ದೋರ್ಚೊಲ್‌ನಲ್ಲಿ, ಕೋಟೆಗೆ ನಡೆದು ಹೋಗುವಷ್ಟು ಹತ್ತಿರ, ಒಂದು ಸಣ್ಣ ಮನೆ 350 ಯೂರೊಗೆ ಅಂತ ಜಾಹೀರಾತು ಕಂಡಿತು. ಜೊತೆಗೆ ಡಿಪಾಸಿಟ್ ಒಂದೇ ತಿಂಗಳದ್ದು. ಬೆಂಗಳೂರಿನಲ್ಲಿ ಹತ್ತು ತಿಂಗಳ ಅಡ್ವಾನ್ಸ್ ಕೊಟ್ಟು ಅಭ್ಯಾಸ ಆದವರಿಗೆ ಇದು ಹಬ್ಬದ ಹಾಗೆ ಕಾಣುತ್ತದೆ. ಒಂದು ತಿಂಗಳ ಡಿಪಾಸಿಟ್ ಇಲ್ಲಿ ಮಾಮೂಲಿ. ಆ ಜಾಗದಲ್ಲಿ ಆ ಬಾಡಿಗೆ ಮಾತ್ರ ಮಾಮೂಲಿ ಅಲ್ಲ.

ಮನೆ ತೋರಿಸಲು ಬಂದವನು ಒಳ್ಳೆ ಇಂಗ್ಲಿಷ್ ಮಾತಾಡುತ್ತಿದ್ದ. ಮನೆ ಚಿಕ್ಕಮ್ಮನದು, ಅವರು ಜರ್ಮನಿಯಲ್ಲಿದ್ದಾರೆ ಅಂದ. ಕೈಯಲ್ಲಿ ಕೀ ಇತ್ತು, ಬಿಸಿನೀರು, ಹೀಟರ್ ಎಲ್ಲ ಹಾಕಿ ತೋರಿಸಿದ. ಇಲ್ಲಿ ಅಪಾರ್ಟ್‌ಮೆಂಟ್ ಬಾಗಿಲ ಹತ್ತಿರ ಒಂದು ಬೆಲ್ ಫಲಕ ಇರುತ್ತದೆ, ಇಂಟರ್‌ಫೋನ್ ಅಂತಾರೆ. ಎಷ್ಟೋ ಕಡೆ ಅದರಲ್ಲಿ ಮನೆ ನಂಬರಿನ ಬದಲು ಮನೆತನದ ಹೆಸರು ಬರೆದಿರುತ್ತದೆ. ಆ ಮನೆಯ ಗುಂಡಿಯ ಎದುರು ಇದ್ದ ಹೆಸರು ಅವನು ಹೇಳಿದ ಹೆಸರಲ್ಲ. ಕೇಳಿದೆ. "ಹಳೇ ಮಾಲೀಕರ ಹೆಸರು, ಯಾರೂ ಬದಲಾಯಿಸಿಲ್ಲ" ಅಂದ. ಬೇರೆ ಗುಂಡಿಗಳ ಮೇಲೂ ಚೀಟಿಗಳು ಮಾಸಿ ಹರಿದಿದ್ದವು, ಹಾಗಾಗಿ ಮಾತು ಸಹಜ ಅನಿಸಿತು. ಬಿಳಿ ಕಾರ್ಡ್ ಬಗ್ಗೆ ಕೇಳಿದರೆ, "ಚಿಕ್ಕಮ್ಮ ಆನ್‌ಲೈನ್‌ನಲ್ಲಿ ಮಾಡುತ್ತಾರೆ, ನಾಳೆ" ಅಂದ. ಪಕ್ಕದ ಕೆಫೆಯಲ್ಲಿ ಕೂತು ಒಂದು ಪುಟದ ಕರಾರು, ನಗದು ದುಡ್ಡು, ಕೀ. ಅಷ್ಟೇ.

ನಾಳೆ ನಾಡಿದ್ದಾಯಿತು. ಮೆಸೇಜ್‌ಗೆ ಉತ್ತರ ನಿಧಾನವಾಯಿತು, ಆಮೇಲೆ ನಿಂತೇ ಹೋಯಿತು. ಒಂದು ಬೆಳಿಗ್ಗೆ ಬಾಗಿಲು ತೆರೆದುಕೊಂಡು ಒಬ್ಬ ಹೆಂಗಸು ಒಳಗೆ ಬಂದರು. ಒಂದು ಕೈಯಲ್ಲಿ ಬಕೆಟ್, ಇನ್ನೊಂದು ಕೈಯಲ್ಲಿ ಮಡಚಿದ ಬೆಡ್‌ಶೀಟ್. ನನ್ನನ್ನು ನೋಡಿ ನನಗಿಂತ ಜಾಸ್ತಿ ಅವರೇ ಗಾಬರಿಯಾದರು. ಫೋನಿನ ಅನುವಾದದಲ್ಲಿ ಮಾತಾಡಿದಾಗ ಗೊತ್ತಾಯಿತು: ನಿಜವಾದ ಮಾಲೀಕರು ಅವರೇ. ಮನೆಯನ್ನು ದಿನದ ಬಾಡಿಗೆಗೆ ಕೊಡುತ್ತಾರೆ, ಇಲ್ಲಿ ಇಂಥ ಮನೆಗಳು ಬೇಕಾದಷ್ಟಿವೆ. ಅವನು ಕೆಲವು ದಿನಕ್ಕೆ ಬುಕ್ ಮಾಡಿ, ಕೀ ಇಸ್ಕೊಂಡು, ಅದನ್ನೇ ನನಗೆ ತಿಂಗಳ ಬಾಡಿಗೆಗೆ ಕೊಟ್ಟಿದ್ದ. ಬುಕಿಂಗ್‌ಗೆ ಕೊಟ್ಟಿದ್ದ ಗುರುತಿನ ಚೀಟಿಯಲ್ಲಿ ಬೇರೆ ಯಾರದೋ ಮುಖ. ಇಂಟರ್‌ಫೋನ್ ಮೇಲೆ ಇದ್ದದ್ದು ಈಕೆಯ ಮನೆತನದ ಹೆಸರೇ.

ಪಾಪ, ಒಳ್ಳೆಯವರು. ಆ ರಾತ್ರಿ ಇರಲು ಬಿಟ್ಟರು, ಮರುದಿನ ಠಾಣೆಗೂ ಬಂದರು. ಠಾಣೆಯಲ್ಲಿ ಮೊದಲು ಬಂದ ಪ್ರಶ್ನೆ, "ನಿಮ್ಮ ಬಿಳಿ ಕಾರ್ಡ್ ಎಲ್ಲಿ?" ಹಾಸ್ಟೆಲ್ ಬಿಟ್ಟ ಮೇಲೆ ನನ್ನ ಹೆಸರು ಯಾವ ವಿಳಾಸದಲ್ಲೂ ಇರಲಿಲ್ಲ. ದೂರು ಕೊಡಲು ಹೋದವರೇ ಉತ್ತರ ಹೇಳುವ ಪರಿಸ್ಥಿತಿ. ದಂಡ ಹಾಕಬಹುದಿತ್ತು, ಎಚ್ಚರಿಕೆ ಕೊಟ್ಟು ಬಿಟ್ಟರು. ಹೇಳಿಕೆ ಬರೆಸಿಕೊಂಡರು. ದುಡ್ಡಿನ ಸುದ್ದಿ ಇನ್ನೂ ಇಲ್ಲ. ಮತ್ತೆ ಹಾಸ್ಟೆಲ್‌ಗೆ ಹೋಗಿ, ಹೊಸ ಕಾರ್ಡ್ ಮಾಡಿಸಿ, ಆಮೇಲೆ ನೋವಿ ಬೆಯೊಗ್ರಾಡ್ ಕಡೆ ಒಂದು ರೂಮ್ ಹಿಡಿದೆ.

ಹಾಗಾಗಿ ಮನೆ ನೋಡಲು ಹೋದಾಗ ಮಾಲೀಕರ ಹತ್ತಿರ 'ಲಿಸ್ಟ್ ನೆಪೊಕ್ರೆಟ್ನೊಸ್ತಿ' ತೋರಿಸಿ ಅಂತ ಕೇಳಿ. ಮನೆ ಯಾರ ಹೆಸರಲ್ಲಿದೆ ಅಂತ ಅದರಲ್ಲಿರುತ್ತದೆ. ಆ ಹೆಸರು, ಎದುರಿಗಿರುವವರ ಗುರುತಿನ ಚೀಟಿ, ಕರಾರಿನಲ್ಲಿರುವ ಹೆಸರು ಮೂರೂ ಒಂದೇ ಆಗಿರಬೇಕು. ಚಿಕ್ಕಮ್ಮ, ದೊಡ್ಡಪ್ಪ ಅಂದರೆ ಅಧಿಕಾರಪತ್ರ ಕೇಳಿ. ಬಿಳಿ ಕಾರ್ಡ್ ಕೈಗೆ ಬಂದ ಮೇಲೆ ದುಡ್ಡು ಅಂತ ಖಡಾಖಂಡಿತ ಹೇಳಿ. ಇದಕ್ಕೆ ಒಪ್ಪದವರೆಲ್ಲ ಮೋಸಗಾರರೇ ಆಗಿರಬೇಕಿಲ್ಲ, ಬಾಡಿಗೆ ಆದಾಯಕ್ಕೆ ತೆರಿಗೆ ತಪ್ಪಿಸಲು ನೋಂದಣಿ ಬೇಡ ಅನ್ನುವವರೂ ಇದ್ದಾರೆ. ಆದರೆ ಅಂಥವರ ಮನೆಯಲ್ಲಿದ್ದರೂ ಪರವಾನಗಿಗೆ ತೊಂದರೆ ಆಗುವುದು ನಿಮಗೇ. ಊರಿನಿಂದಲೇ ಫೋಟೊ ನೋಡಿ ದುಡ್ಡು ಕಳಿಸಬೇಡಿ. ಬಂದ ಮೇಲೆ ಸ್ವಲ್ಪ ದಿನ ಹಾಸ್ಟೆಲ್‌ನಲ್ಲಿದ್ದು ನಿಧಾನವಾಗಿ ಹುಡುಕಿ.

ಟ್ಯಾಕ್ಸಿ ವಿಷಯ ಒಂದೇ ಮಾತಲ್ಲಿ: ವಿಮಾನ ನಿಲ್ದಾಣದಲ್ಲಿ ಹತ್ತಿರ ಬಂದು ಕರೆಯುವವರ ಹಿಂದೆ ಹೋಗಬೇಡಿ, ಒಳಗಿನ ಟ್ಯಾಕ್ಸಿ ಕೌಂಟರ್‌ನಲ್ಲಿ ದರ ಬರೆದ ಚೀಟಿ ತಗೊಳ್ಳಿ. ಸಾಮಾನು ಕಮ್ಮಿ ಇದ್ದರೆ 72ನೇ ನಂಬರ್ ಬಸ್ ಊರ ಮಧ್ಯದ ಝೆಲೆನಿ ವೆನಾಟ್ಸ್ ತನಕ ಬರುತ್ತದೆ. ಸಸ್ಯಾಹಾರಿಗಳಿಗೆ ಇನ್ನೊಂದು: ತಿಂಡಿ ಮೇಲೆ 'ಪೋಸ್ನೊ' ಅಂತ ಇದ್ದರೆ ಅದು ಇವರ ಉಪವಾಸದ ಊಟ. ಮಾಂಸ, ಹಾಲು, ಮೊಟ್ಟೆ ಇರಲ್ಲ, ಆದರೆ ಮೀನು ಇರಬಹುದು. ಕೇಳಿಯೇ ತಿನ್ನಿ.

ಇಷ್ಟೆಲ್ಲ ಈಗ ಬರೆಯಲು ಕಾರಣ, ನಿನ್ನೆ ಒಂದು ಜಾಹೀರಾತು ಕಣ್ಣಿಗೆ ಬಿತ್ತು. ಈ ಸಲ ವ್ರಾಚಾರ್‌ನ ಮನೆ, ಹಾಕಿದವರ ಹೆಸರೂ ಬೇರೆ. ಆದರೆ ನನಗೆ ಬರೆದಿದ್ದ ಸಾಲುಗಳೇ ಅಕ್ಷರಕ್ಷರ ಹಾಗೇ ಇವೆ: ಚಿಕ್ಕಮ್ಮ ಜರ್ಮನಿಯಲ್ಲಿ, ವಿದ್ಯಾರ್ಥಿಗಳಿಗೆ ಮೊದಲ ಆದ್ಯತೆ, ನಗದು ಮಾತ್ರ. ನಾನು ದೂರು ಹಾಕಿದ್ದೇನೆ, ಇನ್ನೂ ತೆಗೆದಿಲ್ಲ.