ಹಡಗು ಹತ್ತುವ ಅವಸರದಲ್ಲಿ ಆರ್‌ವಿಗೆ ಬೀಗ ಹಾಕುವವರೇ, ಸ್ವಲ್ಪ ನಿಲ್ಲಿ

ಮೂರು ನಾಲ್ಕು ದಿನ ಆರ್‌ವಿಯಲ್ಲಿ (ಅಡುಗೆ, ಹಾಸಿಗೆ, ಟಾಯ್ಲೆಟ್ ಎಲ್ಲ ಒಳಗೇ ಇರುವ ಮನೆಗಾಡಿಯಲ್ಲಿ) ಕಡಲ ದಂಡೆಗುಂಟ ಸುತ್ತಾಟ. ಆಮೇಲೆ ಬಂದರಿನಲ್ಲಿ ಗಾಡಿ ನಿಲ್ಲಿಸಿ ಒಂದು ವಾರದ ಕ್ರೂಸ್. ಇಳಿದ ಮೇಲೆ ಅದೇ ಗಾಡಿಯಲ್ಲಿ ವಾಪಸ್. ಗಂಡ ಹೆಂಡತಿ ಇಬ್ಬರೇ ಹೋಗುವುದಾದರೆ ಇದಕ್ಕಿಂತ ಚೆಂದದ ಪ್ರವಾಸ ಹುಡುಕುವುದು ಕಷ್ಟ. ಆದರೆ ಇದರಲ್ಲಿ ಎಡವಟ್ಟು ಶುರುವಾಗುವುದು ಹೆಚ್ಚಾಗಿ ರಸ್ತೆಯಲ್ಲೂ ಅಲ್ಲ, ನಡುಗಡಲಲ್ಲೂ ಅಲ್ಲ. ಆರ್‌ವಿಯಿಂದ ಇಳಿದು ಹಡಗು ಹತ್ತುವ ನಡುವಿನ ಮೂರು ನಾಲ್ಕು ಗಂಟೆಯಲ್ಲಿ. ಆ ಹೊತ್ತಿಗೆ ಮನಸ್ಸು ಆಗಲೇ ಹಡಗಿನ ಡೆಕ್ ಮೇಲಿರುತ್ತದೆ, ಕೈ ಮಾತ್ರ ಗಾಡಿಗೆ ಬೀಗ ಹಾಕುತ್ತಿರುತ್ತದೆ.

ಅದರ ಫಲ ಕಾಣುವುದು ಎಂಟನೇ ದಿನ ಬೆಳಿಗ್ಗೆ. ಬಾಗಿಲು ತೆಗೆದರೆ ಬಿಸಿ ಗಾಳಿ ಮುಖಕ್ಕೆ ರಾಚುತ್ತದೆ. ಅದರ ಜೊತೆಗೆ ಟಾಯ್ಲೆಟ್ ವಾಸನೆ, ಹಳಸಿದ ಹಾಲಿನ ವಾಸನೆ, ಒದ್ದೆ ಬಟ್ಟೆಯ ಮುಗ್ಗಲು ಮೂರೂ ಒಟ್ಟಿಗೆ. ಲೈಟಿನ ಸ್ವಿಚ್ ಒತ್ತಿದರೆ ಏನೂ ಇಲ್ಲ. ಫ್ರಿಜ್ ಬಾಗಿಲಿನ ರಬ್ಬರ್ ಮಡಿಕೆಯಲ್ಲಿ ಕಪ್ಪು ಬೂಷ್ಟು ಗೆರೆ ಎಳೆದ ಹಾಗೆ ಕೂತಿರುತ್ತದೆ. "ಬ್ಯಾಟರಿ ಸ್ವಿಚ್ ನೀವು ಆಫ್ ಮಾಡಿದ್ರಿ ಅಲ್ವಾ?" ಎಂದು ಒಬ್ಬರು. "ನೀನು ಮಾಡಿದೆ ಅಂದ್ಕೊಂಡೆ" ಎಂದು ಇನ್ನೊಬ್ಬರು. ಈ ಎರಡು ಮಾತು ಕೇಳಿಸಿದ ಕಡೆಯೆಲ್ಲ ಕಾರಣ ಒಂದೇ: ಯಾವ ಕೆಲಸ ಯಾರದ್ದು ಅಂತ ಮೊದಲೇ ಹಂಚಿಕೊಂಡಿರಲಿಲ್ಲ.

ಬ್ಯಾಟರಿಯ ಲೆಕ್ಕ ಸರಳ. ಮನೆ ಬ್ಯಾಟರಿ, ಅಂದರೆ ಒಳಗಿನ ಲೈಟು ಪಂಪುಗಳಿಗೆ ಇರುವ 12 ವೋಲ್ಟಿನದು, ಮಾಮೂಲಿ ಲೆಡ್ ಆಸಿಡ್ ಆಗಿದ್ದು 100 ಆಂಪಿಯರ್ ಅವರ್ ಇದ್ದರೆ ಅದರಲ್ಲಿ ಬಳಸಬಹುದಾದದ್ದು ಅರ್ಧ ಮಾತ್ರ, 50. ಎಲ್ಲ ಸ್ವಿಚ್ಚೂ ಆಫ್ ಮಾಡಿದ್ದೀವಿ ಅಂದುಕೊಂಡರೂ ಗ್ಯಾಸ್ ಲೀಕ್ ಅಲಾರಂ, ಫ್ರಿಜ್ಜಿನ ಕಂಟ್ರೋಲ್ ಬೋರ್ಡ್, ಸ್ಟೀರಿಯೋದ ಮೆಮೊರಿ ಇವೆಲ್ಲ ಸದ್ದಿಲ್ಲದೆ ಕರೆಂಟ್ ಎಳೆಯುತ್ತಲೇ ಇರುತ್ತವೆ. ಎಲ್ಲ ಸೇರಿ ಅರ್ಧ ಆಂಪಿಯರ್ ಹಿಡಿಯಿರಿ. 24 ಗಂಟೆಯ ದಿನಕ್ಕೆ 12 ಆಂಪಿಯರ್ ಅವರ್, ನಾಲ್ಕು ದಿನಕ್ಕೆ 48. ಐದನೇ ದಿನ ನೀವು ಹಡಗಿನಲ್ಲಿ ಊಟಕ್ಕೆ ಕೂತಿರುವಾಗ ಬ್ಯಾಟರಿ ಅಪಾಯದ ಗೆರೆ ದಾಟಿರುತ್ತದೆ. ಹಾಗೆ ಖಾಲಿಯಾಗಿ ಕೂತ ಬ್ಯಾಟರಿಯ ಪ್ಲೇಟುಗಳ ಮೇಲೆ ಲೆಡ್ ಸಲ್ಫೇಟ್ ಹರಳುಗಟ್ಟುತ್ತದೆ, ಮತ್ತೆ ಚಾರ್ಜ್ ಮಾಡಿದರೂ ಮೊದಲಿನ ಶಕ್ತಿ ಬರುವುದಿಲ್ಲ. ಹೊರಡುವ ಮುಂಚೆ ಪೂರ್ತಿ ಚಾರ್ಜ್ ಮಾಡಿ. ಸ್ವಲ್ಪ ಹೊತ್ತು ಸುಮ್ಮನೆ ಬಿಟ್ಟು ಅಳೆದಾಗ ಮೀಟರ್ 12.6 ಅಥವಾ 12.7 ವೋಲ್ಟ್ ತೋರಿಸಬೇಕು, 12.1 ಹತ್ತಿರ ಇದ್ದರೆ ಅರ್ಧ ಖಾಲಿ ಅಂತಲೇ ಅರ್ಥ. ಆಮೇಲೆ ಬ್ಯಾಟರಿಯ ಸಂಪರ್ಕ ಕಡಿಯುವ ಡಿಸ್ಕನೆಕ್ಟ್ ಸ್ವಿಚ್ ತಿರುಗಿಸಿ. ಕೆಲವು ಗಾಡಿಗಳಲ್ಲಿ ಗ್ಯಾಸ್ ಅಲಾರಂ ವೈರು ಆ ಸ್ವಿಚ್ಚನ್ನು ಬಳಸದೆ ನೇರ ಬ್ಯಾಟರಿಗೇ ಹೋಗಿರುತ್ತದೆ. ಹಾಗಿದ್ದರೆ ಗ್ಯಾಸ್ ಸಿಲಿಂಡರ್ ಬಂದ್ ಮಾಡಿದ್ದೇವೆ ಅಂತ ಖಚಿತಪಡಿಸಿಕೊಂಡು ನೆಗೆಟಿವ್ ಟರ್ಮಿನಲ್ಲನ್ನೇ ಕಳಚಿ ಇಡಿ. ಚಾವಣಿ ಮೇಲೆ ಸೋಲಾರ್ ಪ್ಯಾನೆಲ್ ಇದೆ ಅಂತ ನಿಶ್ಚಿಂತೆಯಿಂದ ಇರಬೇಡಿ. ಸೂರಿನ ಕೆಳಗೆ ಗಾಡಿ ನಿಂತರೆ ಅದು ಇದ್ದೂ ಇಲ್ಲದ ಹಾಗೆ.

ಫ್ರಿಜ್ ವಿಷಯದಲ್ಲಿ ಅರೆಮನಸ್ಸು ಬೇಡ. ಗ್ಯಾಸ್ ಮೇಲೆ ಓಡಿಸಿ ಒಳಗಿನ ಸಾಮಾನು ಹಾಗೇ ಬಿಟ್ಟು ಹೋಗೋಣ ಅನ್ನಿಸುವುದು ಸಹಜ, ಆದರೆ ಯಾರೂ ಇಲ್ಲದ ಗಾಡಿಯಲ್ಲಿ ವಾರಗಟ್ಟಲೆ ಬೆಂಕಿ ಉರಿಯುವುದು ಅಪಾಯ. ಮುಚ್ಚಿದ ಪಾರ್ಕಿಂಗಿನಲ್ಲಂತೂ ಕೂಡಲೇಕೂಡದು. ಇನ್ನೊಂದು ಕಾರಣವೂ ಇದೆ. ಗ್ಯಾಸಿನಲ್ಲಿ ನಡೆಯುವ ಅಬ್ಸಾರ್ಪ್ಷನ್ ಫ್ರಿಜ್ಜಿಗೆ ಕಂಪ್ರೆಸರ್ ಇಲ್ಲ, ಒಳಗಿನ ಅಮೋನಿಯಾ ದ್ರಾವಣ ತನ್ನ ಭಾರಕ್ಕೆ ತಾನೇ ಇಳಿದು ಹರಿಯಬೇಕು. ಗಾಡಿ ಒಂದು ಕಡೆ ವಾಲಿ ನಿಂತರೆ ಹರಿವು ನಿಂತು ಬಾಯ್ಲರ್ ಭಾಗ ಅತಿಯಾಗಿ ಕಾಯುತ್ತದೆ, ಕೊಳವೆ ಕಟ್ಟಿಕೊಳ್ಳುತ್ತದೆ, ಅಲ್ಲಿಗೆ ಆ ಫ್ರಿಜ್ ಮುಗಿದಂತೆ. ಬಂದರಿನ ಪಾರ್ಕಿಂಗ್ ನೆಲ ಮಳೆನೀರು ಹರಿದುಹೋಗಲಿ ಅಂತ ಹೆಚ್ಚಾಗಿ ಇಳಿಜಾರಾಗಿಯೇ ಇರುತ್ತದೆ. ಆದ್ದರಿಂದ ಹಿಂದಿನ ದಿನವೇ ಖಾಲಿ ಮಾಡಿ, ಆಫ್ ಮಾಡಿ, ಒಣಬಟ್ಟೆಯಿಂದ ಒರೆಸಿ. ಬಾಗಿಲು ಮುಚ್ಚಬೇಡಿ. ಒಂದು ಟವೆಲ್ ಮಡಿಚಿ ಸಂದಿಗೆ ಸಿಕ್ಕಿಸಿ. ಬಾಗಿಲು ಗಟ್ಟಿಯಾಗಿ ಮುಚ್ಚಿದ ಫ್ರಿಜ್ಜಿನಲ್ಲಿ ಬೂಷ್ಟು ಬೆಳೆಯುವುದಕ್ಕೆ ಮೂರು ದಿನ ಸಾಕು.

ಟಾಯ್ಲೆಟ್ಟಿನ ಹೊಲಸು ತುಂಬುವ ಬ್ಲ್ಯಾಕ್ ಟ್ಯಾಂಕ್ ಬಗ್ಗೆ ಯಾರೂ ಬಾಯಿ ಬಿಟ್ಟು ಹೇಳುವುದಿಲ್ಲ, ಅದಕ್ಕೇ ಎಲ್ಲರೂ ಅದರಲ್ಲೇ ಸಿಕ್ಕಿಕೊಳ್ಳುವುದು. ಕ್ಯಾಂಪ್‌ಸೈಟಿನಲ್ಲಿ ಪೈಪ್ ಜೋಡಿಸಿ ವಾಲ್ವ್ ತೆಗೆದೇ ಇಟ್ಟರೆ ನೀರು ಹರಿದು ಹೋಗಿ ಗಟ್ಟಿ ಭಾಗ ಕೆಳಗೆ ಗುಡ್ಡೆಯಾಗಿ ನಿಲ್ಲುತ್ತದೆ. ವಾಲ್ವ್ ಮುಚ್ಚಿಯೇ ಇರಲಿ. ಮೂರರಲ್ಲಿ ಎರಡು ಪಾಲಾದರೂ ತುಂಬಿದ ಮೇಲೆ ಒಮ್ಮೆಲೇ ತೆಗೆದರೆ ಆ ರಭಸಕ್ಕೆ ಎಲ್ಲವೂ ಕೊಚ್ಚಿ ಹೋಗುತ್ತದೆ. ಮೊದಲು ಬ್ಲ್ಯಾಕ್, ಆಮೇಲೆ ಸ್ನಾನ ಪಾತ್ರೆಯ ನೀರಿನ ಗ್ರೇ ಟ್ಯಾಂಕ್, ಆ ಸಾಬೂನು ನೀರೇ ಪೈಪನ್ನು ತೊಳೆಯುತ್ತದೆ. ಕ್ರೂಸಿಗೆ ಹೊರಡುವ ದಿನ ಟ್ಯಾಂಕ್ ತುಂಬಿಲ್ಲದಿದ್ದರೆ ನೀರು ಸುರಿದು ತುಂಬಿಸಿ, ಖಾಲಿ ಮಾಡಿ. ಕೊನೆಗೆ ಹತ್ತು ಲೀಟರ್ ನೀರು ಮತ್ತು ಟ್ಯಾಂಕಿನ ಔಷಧಿ ಹಾಕಿ ಬಿಡಿ, ಇಲ್ಲದಿದ್ದರೆ ಉಳಿದದ್ದು ತಳಕ್ಕೆ ಅಂಟಿ ಒಣಗುತ್ತದೆ. ಟಾಯ್ಲೆಟ್ ಬಟ್ಟಲಲ್ಲೂ ಎರಡು ಬೆರಳು ನೀರು ನಿಂತಿರಲಿ. ಆ ನೀರೇ ವಾಸನೆಗೆ ಮುಚ್ಚಳ.

ತೇವಕ್ಕೆ ಕ್ಯಾಲ್ಸಿಯಂ ಕ್ಲೋರೈಡ್ ಡಬ್ಬಿ ಇಡುವವರು ಅದನ್ನು ಸಿಂಕಿನೊಳಗೇ ಇಡಿ. ಕಡಲ ಗಾಳಿಯಲ್ಲಿ ಅದು ಬೇಗ ತುಂಬಿ ಚೆಲ್ಲುತ್ತದೆ. ಆ ಉಪ್ಪುನೀರು ಕಾರ್ಪೆಟ್ಟಿಗೆ ಇಳಿದರೆ ಎಷ್ಟು ಸಲ ಒರೆಸಿದರೂ ತೇವ ಹೀರುತ್ತಲೇ ಇರುತ್ತದೆ.

ಇದಿಷ್ಟು ಬೀಗದ ಒಳಗಿನ ಕತೆ. ಬಂದರಿನವರೆಗೆ ಬರುವ ದಾರಿಯಲ್ಲೂ ಕಡಲ ದಂಡೆ ಎರಡು ಮೂರು ಪೆಟ್ಟು ಕೊಡುತ್ತದೆ. ಅದರಲ್ಲಿ ದೊಡ್ಡದು ಭರತ, ಅಂದರೆ ಕಡಲ ನೀರು ಏರಿ ಬರುವ ಉಬ್ಬರ. ಸಂಜೆ ನೋಡಿದಾಗ ನೀರು ಎಲ್ಲೋ ದೂರದಲ್ಲಿದೆ, ಮರಳು ಗಟ್ಟಿ ಇದೆ, ಇಲ್ಲೇ ನಿಲ್ಲಿಸೋಣ ಅನ್ನಿಸುತ್ತದೆ. ಬಹುತೇಕ ಕರಾವಳಿಗಳಲ್ಲಿ ಒಂದು ಭರತದಿಂದ ಇನ್ನೊಂದಕ್ಕೆ ಸುಮಾರು 12 ಗಂಟೆ 25 ನಿಮಿಷ. ಅಂದರೆ ದಿನದಿಂದ ದಿನಕ್ಕೆ ಸುಮಾರು 50 ನಿಮಿಷ ತಡ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ನೀರು ಉಳಿದ ದಿನಗಳಿಗಿಂತ ಮೇಲೆ ಬರುತ್ತದೆ. ನಿನ್ನೆ ಒಣಗಿದ್ದ ಜಾಗ ಇವತ್ತು ರಾತ್ರಿ ಒಣಗೇ ಇರುತ್ತದೆ ಅನ್ನುವಂತಿಲ್ಲ. ಕಡಲಪಾಚಿ, ಕಡ್ಡಿ, ಚಿಪ್ಪು ಸಾಲಾಗಿ ಬಿದ್ದ ಗೆರೆ ಎಲ್ಲಿದೆ ನೋಡಿ, ನೀರು ಬಂದು ಹೋದ ಗುರುತು ಅದು. ಮರಳಿಗೆ ಆರ್‌ವಿ ಇಳಿಸಲೇಬಾರದು ಅನ್ನುವುದು ನಮ್ಮ ಖಚಿತ ಅಭಿಪ್ರಾಯ. ನಾಲ್ಕೈದು ಟನ್ ಭಾರದ ಗಾಡಿ ಅದು, ಜೀಪಲ್ಲ. ಇಳಿಸಿ ಹೂತರೆ, ಚಕ್ರ ಒಂದು ಸುತ್ತು ಸುಮ್ಮನೆ ತಿರುಗಿದ ಕೂಡಲೇ ಆಕ್ಸಿಲರೇಟರ್ ಬಿಡಿ, ಒತ್ತಿದಷ್ಟೂ ಆಳಕ್ಕೆ ಹೋಗುತ್ತದೆ. ಟೈರಿನ ಮುಂದಿನ ಮರಳು ತೆಗೆದು, ಟೈರಿನ ಗಾಳಿ ಸ್ವಲ್ಪ ಇಳಿಸಿ, ನಿಧಾನವಾಗಿ ಎಳೆಸಿ. ಡಾಂಬರು ರಸ್ತೆಗೆ ಬರುವ ಮುಂಚೆ ಗಾಳಿ ಮತ್ತೆ ತುಂಬಿಸುವುದು ಕಡ್ಡಾಯ. ಚಕ್ರದ ಕೆಳಗೆ ಮ್ಯಾಟ್ ತುರುಕಿದ್ದರೆ ಹಿಂದೆ ಯಾರೂ ನಿಲ್ಲಬೇಡಿ, ಅದು ಕಲ್ಲಿನ ಹಾಗೆ ಹಾರಿ ಬಡಿಯುತ್ತದೆ. ಉಪ್ಪುನೀರು ತಾಗಿದ್ದರೆ ಅದೇ ದಿನ ಬ್ರೇಕ್, ಚಾಸಿಗೆ ಸಿಹಿನೀರು ಬಿಟ್ಟು ತೊಳೆಯಿರಿ.

ಗಾಡಿಯ ಪಕ್ಕಕ್ಕೆ ಬಿಚ್ಚುವ ನೆರಳಿನ ಬಟ್ಟೆ, ಆನಿಂಗ್, ಇನ್ನೊಂದು. ಬೆಳಿಗ್ಗೆ ಗಾಳಿಯೇ ಇಲ್ಲ ಅಂತ ಬಿಚ್ಚಿಟ್ಟು ಇಬ್ಬರೂ ದಂಡೆಗೆ ನಡೆದು ಹೋಗುತ್ತಾರೆ. ಬಿಸಿಲೇರಿದಂತೆ ನೆಲ ಕಾದು ಅದರ ಮೇಲಿನ ಗಾಳಿ ಮೇಲೇರುತ್ತದೆ, ಆ ಜಾಗಕ್ಕೆ ಕಡಲಿನ ಗಾಳಿ ನುಗ್ಗುತ್ತದೆ. ಮಧ್ಯಾಹ್ನ ಎರಡು ಮೂರರ ಹೊತ್ತಿಗೆ ಅದು ಜೋರು. ತೋಳುಗಳು ಬಾಗುವುದಕ್ಕೆ ಒಂದೇ ಬೀಸು ಸಾಕು. ಗಾಡಿ ಬಿಟ್ಟು ಹೋಗುವಾಗ ಸುತ್ತಿಯೇ ಹೋಗಿ. ಒದ್ದೆ ಬಟ್ಟೆ ಸುತ್ತಿ ಹಾಗೇ ಕ್ರೂಸಿಗೆ ಹೋದರೆ ಬಿಚ್ಚುವಾಗ ಚುಕ್ಕೆ ಚುಕ್ಕೆ ಬೂಷ್ಟು ಖಂಡಿತ.

ಎತ್ತರ ಬರೆದುಕೊಳ್ಳದೆ ಬಂದರಿನ ಪಾರ್ಕಿಂಗಿಗೆ ಹೋಗಬೇಡಿ. ಬಹುಮಹಡಿ ಪಾರ್ಕಿಂಗಿನ ಬಾಗಿಲ ಕಂಬಿ ಸಾಮಾನ್ಯವಾಗಿ ಎರಡು ಮೀಟರ್ ಚಿಲ್ಲರೆ, ಆರ್‌ವಿ ಮೂರು ಮೀಟರ್ ದಾಟಿರುತ್ತದೆ. ನೆಲದಿಂದ ಚಾವಣಿಯ ಏಸಿ ಕವರಿನ ತುದಿಯವರೆಗೆ ನೀವೇ ಟೇಪಿನಲ್ಲಿ ಅಳೆದು, ಮೀಟರಿನಲ್ಲೂ ಅಡಿಯಲ್ಲೂ ಚೀಟಿ ಬರೆದು ಸ್ಟೀರಿಂಗ್ ಎದುರಿಗೆ ಅಂಟಿಸಿ. ಪಾರ್ಕಿಂಗ್ ಕಾದಿರಿಸುವಾಗ "ಕಾರು" ಅಂತ ಬುಕ್ ಮಾಡಿದರೆ ಹಡಗು ಹೊರಡುವ ದಿನ ಗೇಟಿನಲ್ಲೇ ಸಿಕ್ಕಿಬೀಳುತ್ತೀರಿ. ಉದ್ದ, ಎತ್ತರ ಎರಡನ್ನೂ ಹೇಳಿ ಒಪ್ಪಿಗೆಯನ್ನು ಬರಹದಲ್ಲಿ ತೆಗೆದುಕೊಳ್ಳಿ. ಹಿಂದಕ್ಕೆ ತೆಗೆಯುವಾಗ ಕೆಳಗೆ ನಿಂತು ದಾರಿ ತೋರಿಸುವವರು ಕನ್ನಡಿಯಲ್ಲಿ ಕಾಣದೆ ಹೋದ ಕ್ಷಣ ಗಾಡಿ ನಿಲ್ಲಲಿ. ಕೂಗಾಟ ಕೇಳಿಸುವುದಿಲ್ಲ. ಕೈಸನ್ನೆ ಮೂರೇ ಸಾಕು: ಬಾ, ತಿರುಗಿಸು, ನಿಲ್ಲು. ತಿರುವಿನಲ್ಲಿ ಹಿಂದಿನ ಚಕ್ರದಾಚೆ ಚಾಚಿಕೊಂಡ ಬಾಲ ನೀವು ತಿರುಗುವ ದಿಕ್ಕಿಗೆ ವಿರುದ್ಧವಾಗಿ ಬೀಸುತ್ತದೆ. ಪಕ್ಕದ ಕಂಬಕ್ಕೆ ಉಜ್ಜುವುದು ಯಾವಾಗಲೂ ಅದೇ.

ಈಗ ಪೆಟ್ಟಿಗೆ. ಆರ್‌ವಿಯ ಡ್ರಾಯರಿನಿಂದ ನೇರ ಸೂಟ್‌ಕೇಸಿಗೆ ತುಂಬಿದರೆ ಚಾಕು, ಕೆಟಲ್, ಇಸ್ತ್ರಿಪೆಟ್ಟಿಗೆ, ಸರ್ಜ್ ಪ್ರೊಟೆಕ್ಟರ್ (ವೋಲ್ಟೇಜ್ ಹಠಾತ್ ಏರಿದರೆ ತಡೆಯುವ ಸಾಧನ) ಇರುವ ಎಕ್ಸ್‌ಟೆನ್ಷನ್ ಬೋರ್ಡ್ ಎಲ್ಲ ಬಂದುಬಿಡುತ್ತವೆ. ಹಡಗಿನಲ್ಲಿ ಇವನ್ನು ಸಾಮಾನ್ಯವಾಗಿ ಬಿಡುವುದಿಲ್ಲ. ಹಡಗಿನ ವೈರಿಂಗ್ ನೆಲದ ಮೇಲಿನಂತಲ್ಲ, ಅಲ್ಲಿ ಸರ್ಜ್ ಪ್ರೊಟೆಕ್ಟರ್ ಬಿಸಿಯಾಗಿ ಬೆಂಕಿ ಹತ್ತುವ ಸಂಭವ ಇದೆ. ಚೀಟಿ ಕಟ್ಟಿ ಕೊಟ್ಟ ಸೂಟ್‌ಕೇಸ್ ಕ್ಯಾಬಿನ್ನಿಗೆ ಬರುವುದು ಕೆಲವು ಗಂಟೆಗಳ ಮೇಲೆ. ಪಾಸ್‌ಪೋರ್ಟ್, ಔಷಧಿ, ಕನ್ನಡಕ, ಆರ್‌ವಿ ಕೀಲಿ ಕೈಚೀಲದಲ್ಲೇ ಇರಲಿ. ಪಾಸ್‌ಪೋರ್ಟನ್ನು ಸೂಟ್‌ಕೇಸಿಗೆ ಹಾಕಿ ಕೊಟ್ಟುಬಿಟ್ಟು ಹತ್ತುವ ಸಾಲಿನಲ್ಲಿ ನಿಂತು ಬೆವರುವವರು ಪ್ರತಿ ಸಲವೂ ಯಾರಾದರೂ ಇದ್ದೇ ಇರುತ್ತಾರೆ.

ಕಡಲ ತಲೆಸುತ್ತಿಗೆ ಕಿವಿಯ ಹಿಂದೆ ಹಚ್ಚುವ ಸ್ಕೋಪೊಲಮೈನ್ ಪ್ಯಾಚ್ ಬಗ್ಗೆ ಒಂದು ವಿಷಯ ಗಮನಿಸಿ. ಅಲೆ ಶುರುವಾದ ಮೇಲೆ ಹಚ್ಚಿದರೆ ತಡವಾಯಿತು, ಕನಿಷ್ಠ ನಾಲ್ಕು ಗಂಟೆ ಮೊದಲು ಹಚ್ಚಬೇಕು. ಮೂರು ದಿನ ಕೆಲಸ ಮಾಡುತ್ತದೆ. ಹಚ್ಚಿದ ಬೆರಳನ್ನು ತೊಳೆಯದೆ ಕಣ್ಣು ಉಜ್ಜಿದರೆ ಆ ಕಣ್ಣಿನ ಪಾಪೆ ಮಾತ್ರ ಅಗಲವಾಗಿ ಎಲ್ಲ ಮಸುಕಾಗುತ್ತದೆ. ಒಂದು ಪಾಪೆ ದೊಡ್ಡದು, ಒಂದು ಚಿಕ್ಕದು ಕಂಡು ಪಾರ್ಶ್ವವಾಯು ಅಂತ ಗಾಬರಿ ಬಿದ್ದು ಹಡಗಿನ ಡಾಕ್ಟರ ಹತ್ತಿರ ಓಡುವಂತಾಗುತ್ತದೆ. ಗ್ಲಾಕೋಮಾ ಅಥವಾ ಪ್ರಾಸ್ಟೇಟ್ ತೊಂದರೆ ಇರುವವರು ಊರಿನಲ್ಲೇ ವೈದ್ಯರನ್ನು ಕೇಳದೆ ಅದನ್ನು ಮುಟ್ಟಬೇಡಿ. ಪ್ಯಾಚ್ ಹಚ್ಚಿದವರು ಆರ್‌ವಿ ಓಡಿಸಲೂಬೇಡಿ, ನಿದ್ದೆ ಎಳೆಯುತ್ತದೆ. ಬಂದರಿಗೆ ಗಾಡಿ ತರುವವರು ಒಬ್ಬರೇ ಆಗಿದ್ದರೆ ಅವರು ಗಾಡಿ ನಿಲ್ಲಿಸಿದ ಮೇಲೆಯೇ ಹಚ್ಚಿಕೊಳ್ಳಲಿ.

ಹಡಗು ಹತ್ತಿದ ದಿನದ ಸುರಕ್ಷತಾ ಡ್ರಿಲ್ ತಪ್ಪಿಸಬೇಡಿ. 2012ರ ಜನವರಿಯಲ್ಲಿ ಇಟಲಿಯ ಜಿಲ್ಯೋ ದ್ವೀಪದ ಬಳಿ ಕೋಸ್ಟಾ ಕಾಂಕಾರ್ಡಿಯಾ ಹಡಗು ಮಗುಚಿದಾಗ 32 ಮಂದಿ ಸತ್ತರು, ಆ ದಿನವೇ ಹತ್ತಿದ್ದವರಿಗೆ ಡ್ರಿಲ್ ಇನ್ನೂ ಆಗಿರಲಿಲ್ಲ. ಮೊದಲು 24 ಗಂಟೆಯೊಳಗೆ ಅಂತಿದ್ದ ನಿಯಮ 2015ರಿಂದ, ಹೊರಡುವ ಮೊದಲು ಅಥವಾ ಹೊರಟ ಕೂಡಲೇ ಅಂತ ಬದಲಾಯಿತು. ತುರ್ತಿನ ಸೂಚನೆ ಅಂದರೆ ಏಳು ಚುಟುಕು ಸೀಟಿ, ಆಮೇಲೆ ಒಂದು ಉದ್ದ. ಇಬ್ಬರೂ ಕಿವಿಯಲ್ಲಿ ಇಟ್ಟುಕೊಳ್ಳಿ.

ನಡುವಿನ ಬಂದರುಗಳಲ್ಲಿ ಇಳಿದಾಗ ಮೋಸ ಮಾಡುವುದು ಮೊಬೈಲ್. ಅದು ದಡದ ಸಮಯಕ್ಕೆ ತಾನೇ ಬದಲಾಗುತ್ತದೆ, ಹಡಗು ತನ್ನ ಸಮಯದಲ್ಲೇ ಇರಬಹುದು. ಒಂದು ಗಂಟೆ ವ್ಯತ್ಯಾಸ ಬಂದರೆ ಆರಾಮಾಗಿ ಕಾಫಿ ಕುಡಿಯುತ್ತಾ ಕೂತವರಿಗೆ ಹಡಗಿನ ಹಿಂಭಾಗ ಕಾಣುತ್ತದೆ. ಒಬ್ಬರ ಕೈಯಲ್ಲಾದರೂ ಹಡಗಿನ ಸಮಯಕ್ಕೆ ಹೊಂದಿಸಿದ ಮಾಮೂಲಿ ಗಡಿಯಾರ ಇರಲಿ. ಹೊರಡುವ ಹೊತ್ತಿಗಿಂತ ಸಾಮಾನ್ಯವಾಗಿ ಅರ್ಧದಿಂದ ಒಂದು ಗಂಟೆ ಮೊದಲೇ ಎಲ್ಲರೂ ಮೇಲಿರಬೇಕು. ಸಣ್ಣ ದೋಣಿಯಲ್ಲಿ ದಡಕ್ಕೆ ಬಿಡುವ ಕಡೆ ಕೊನೆಯ ದೋಣಿ ಅದಕ್ಕಿಂತಲೂ ಮುಂಚೆ. ಹಡಗು ಹೊರಟಾಗ ಮೊಬೈಲನ್ನು ಫ್ಲೈಟ್ ಮೋಡಿಗೆ ಹಾಕಿ. ಇಲ್ಲದಿದ್ದರೆ ನಡುಗಡಲಿನಲ್ಲಿ ಹಡಗಿನ ಸ್ಯಾಟಲೈಟ್ ನೆಟ್‌ವರ್ಕಿಗೆ ಸಿಕ್ಕಿಕೊಂಡು ಬಿಲ್ ಏರುತ್ತದೆ.

ಇನ್ನು ವಾಪಸ್ ಬಂದ ದಿನ. ಬಾಗಿಲು, ಕಿಟಕಿ ತೆಗೆದು ಹತ್ತು ನಿಮಿಷ ಹೊರಗೇ ನಿಲ್ಲಿ. ಅಡುಗೆ ಗ್ಯಾಸ್ ಗಾಳಿಗಿಂತ ಭಾರ, ನೆಲಮಟ್ಟದಲ್ಲಿ ತುಂಬಿಕೊಳ್ಳುತ್ತದೆ. ಬಗ್ಗಿ ಮೂಸಿ ನೋಡದೆ ಯಾವ ಸ್ವಿಚ್ಚೂ ಮುಟ್ಟಬೇಡಿ. ಟೈರ್ ತಣ್ಣಗಿರುವಾಗಲೇ ಗಾಳಿ ಅಳೆಯಿರಿ. ಹೊರಗಿನ ಕರೆಂಟನ್ನು ಗಾಡಿಗೆ ತರುವ ಶೋರ್ ಪವರ್ ಪ್ಲಗ್ಗಿನ ಪಿನ್ನುಗಳನ್ನು ನೋಡಿ. ಉಪ್ಪುಗಾಳಿಗೆ ಹಸಿರು ಅಥವಾ ಕಪ್ಪು ಕಟ್ಟಿದ್ದರೆ ಅಲ್ಲಿ ಸಂಪರ್ಕ ಸರಿಯಾಗದೆ ಪಿನ್ನು ಕಾಯುತ್ತದೆ. ಸುತ್ತಲಿನ ಪ್ಲಾಸ್ಟಿಕ್ ಕಂದು ಬಣ್ಣಕ್ಕೆ ತಿರುಗಿದ್ದರೆ ಪ್ಲಗ್ ಬದಲಿಸದೆ ಸಿಕ್ಕಿಸಬೇಡಿ. ಟ್ಯಾಂಕಿನಲ್ಲಿ ವಾರವಿಡೀ ಬಿಸಿಲಿಗೆ ನಿಂತ ನೀರನ್ನು ಪೂರ್ತಿ ಚೆಲ್ಲಿ ಹೊಸದು ತುಂಬಿ. ಸ್ನಾನದ ಆತುರಕ್ಕೆ ವಾಟರ್ ಹೀಟರ್ ಸ್ವಿಚ್ ಒತ್ತುವ ಮುಂಚೆ ಬಿಸಿನೀರಿನ ನಲ್ಲಿ ತೆಗೆದು, ಗೊರಗೊರ ಗಾಳಿ ಬರುವುದು ನಿಂತು ನೀರು ಒಂದೇ ಸಮ ಬೀಳುವವರೆಗೆ ಕಾಯಿರಿ. ಖಾಲಿ ಹೀಟರಿನ ಎಲಿಮೆಂಟ್ ಸುಟ್ಟು ಹೋಗುವುದಕ್ಕೆ ಕೆಲವೇ ನಿಮಿಷ ಸಾಕು.